ಜಲಜಾಕ್ಷಿ ಟೀಚರ ಮೂರನೇ ಪಾಠ

ಬಂದ್ಯೋಡಿನ ಡ್ರೈವಿಂಗ್ ಶಾಲೆಯಲ್ಲಿ ಜಲಜಾಕ್ಷಿ ಟೀಚರ್ ಹನ್ನೆರಡು ವರ್ಷದಿಂದ ಕಾರು ಕಲಿಸುತ್ತಿದ್ದಾರೆ. ಕಲಿಯುವವರು ಎಷ್ಟೇ ತಪ್ಪಿದರೂ ಅವರು ಹೆದರುವವರಲ್ಲ. ಅವರ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ. ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ರಸ್ತೆ ಸುರಕ್ಷೆಯ ವಿಡಿಯೋ ಪಾಠ ಮಾಡತೊಡಗಿದ ಮೇಲೆಯೇ ಹೆದರಿಕೆ ಏನೆಂದು ಅವರಿಗೆ ತಿಳಿದದ್ದು.

ಮೂರನೇ ಪಾಠವನ್ನು ಅವರು ಹೈಸ್ಕೂಲಿನ ಎದುರಿನ ಸರ್ವಿಸ್ ರೋಡಿನಲ್ಲೇ ನಿಂತು ಮಾಡಿದ್ದರು. "ಇಲ್ಲಿ ವಾಹನಗಳು ಉಪ್ಪಳ ಕಡೆಯಿಂದ ಮಾತ್ರ ಬರುತ್ತವೆ. ಬಲಕ್ಕೆ ನೋಡಿ, ಆಮೇಲೆ ದಾಟಿ" ಎಂದಿದ್ದರು. ಆ ದಿನಕ್ಕೆ ಅದು ನಿಜವೇ. ಆದರೆ ಹೈವೇ ಕೆಲಸದವರು ವಾರಕ್ಕೊಮ್ಮೆ ದಾರಿ ತಿರುಗಿಸುವ ಊರು ಇದು.

ಮರುವಾರ ಒಂದು ಮಧ್ಯಾಹ್ನ, ಗಂಟೆ ಮೂರೂಮುಕ್ಕಾಲು. ಅದೇ ಸರ್ವಿಸ್ ರೋಡಿನಲ್ಲಿ ಕಾರು ಕಲಿಯುತ್ತಿದ್ದ ಹರಿನಾಥ ಕಿರುಚಿದರು: "ಟೀಚರ್, ಇದೆಂತ! ಎದುರಿನಿಂದ ಲಾರಿ ಬರ್ತಾ ಉಂಟಲ್ಲ!"

ಟೀಚರ್ ಬ್ರೇಕು ಒತ್ತಿದರು. ಹೈವೇಯ ಆಚೆ ಬದಿಯ ಸರ್ವಿಸ್ ರೋಡನ್ನು ಚರಂಡಿಗಾಗಿ ಅಗೆದಿದ್ದರು. ಉಪ್ಪಳಕ್ಕೆ ಹೋಗುವ ವಾಹನಗಳನ್ನೂ ಈಚೆಗೇ ಬಿಟ್ಟಿದ್ದರು. ಇನ್ನು ಶಾಲೆಯ ಗೇಟಿನೆದುರು ಎಡದಿಂದಲೂ ಲಾರಿ ಬರುತ್ತದೆ. ಮಕ್ಕಳಿಗೆ ತಾನು ಬಲಕ್ಕೆ ಮಾತ್ರ ನೋಡಲು ಕಲಿಸಿದ್ದೇನೆ ಎಂದು ಟೀಚರಿಗೆ ನೆನಪಾಯಿತು. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಶಾಲೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

"ಇಳಿಯಿರಿ ಹರಿನಾಥರೇ, ಕಾರು ನಾನೇ ಬಿಡ್ತೇನೆ."

ಶಾಲೆಗೆ ಮುಟ್ಟುವಾಗ ಬಿಡುವ ಗಂಟೆ ಹೊಡೆದಾಗಿತ್ತು. ಗೇಟಿನಲ್ಲಿ ಹತ್ತನೆಯ ತರಗತಿಯ ಅಶ್ವಿತ್ ಗೆಳೆಯರೊಂದಿಗೆ ನಿಂತಿದ್ದ.

"ಎಂತ ಟೀಚರ್, ಹೀಗೆ ಓಡ್ತಾ ಇದ್ದೀರಿ? ಲೈಸೆನ್ಸ್ ಕಿತ್ಕೊಂಡ್ರಾ?"

ಹುಡುಗರೆಲ್ಲ ನಕ್ಕರು. ಅವರಾಚೆ ಒಂಬತ್ತನೆಯ ಮೋಕ್ಷಿತಾ ರಸ್ತೆಯಂಚಿಗೆ ಬಂದಿದ್ದಳು. ಬಲಕ್ಕೆ ಕತ್ತು ತಿರುಗಿಸಿದಳು. ಒಂದು ರಿಕ್ಷಾ ಹೋಗುವವರೆಗೆ ಕಾದಳು. ಮತ್ತೆ ಬಲಕ್ಕೇ ನೋಡಿದಳು. ವಿಡಿಯೋದಲ್ಲಿ ಇದ್ದ ಹಾಗೆಯೇ, ಒಂದಿಷ್ಟೂ ತಪ್ಪದೆ. ಎಡದಿಂದ ಟಿಪ್ಪರು ಬರುತ್ತಿತ್ತು.

ಟೀಚರ್ ಓಡಿಹೋಗಿ ಹುಡುಗಿಯ ಬ್ಯಾಗು ಹಿಡಿದು ಎಳೆದರು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಟಿಪ್ಪರಿನ ಗಾಳಿ ಮುಖಕ್ಕೆ ಹೊಡೆದುಹೋಯಿತು.

"ನಾನು ನೋಡಿದ್ದೆ ಟೀಚರ್," ಮೋಕ್ಷಿತಾ ಅಳುತ್ತಿದ್ದಳು. "ಎರಡು ಸಲ ನೋಡಿದ್ದೆ."

"ನೀನು ಸರಿಯೇ ಮಾಡಿದ್ದು ಮಗಾ. ತಪ್ಪಿದ್ದು ನಾನು."

ಉಳಿದವರನ್ನು ಟೀಚರ್ ಕೈಹಿಡಿದೇ ದಾಟಿಸಿದರು. ಅಶ್ವಿತ್ ಕೂಡ ನಗದೆ ಕೈ ಕೊಟ್ಟ. ಆಮೇಲೆ ಅಲ್ಲೇ ನಿಂತು ಶಾಲೆಯ ಗ್ರೂಪಿನಿಂದ ಆ ಪಾಠವನ್ನು ಅಳಿಸಿದರು.

"ನಾನು ಅದನ್ನು ಬೆಳ್ಳೂರಿನ ಅತ್ತೆಯ ಮಕ್ಕಳಿಗೂ ಕಳಿಸಿದ್ದೇನೆ," ಎಂದಳು ಮೋಕ್ಷಿತಾ ಮೆಲ್ಲಗೆ. "ಶನಿವಾರ ಅವರು ನಮ್ಮಲ್ಲಿಗೆ ಬರ್ತಾರೆ."

"ಅವರ ನಂಬರು ಹೇಳು," ಎಂದರು ಟೀಚರ್. ಅವಸರದಲ್ಲಿ ಎರಡು ಸಲ ತಪ್ಪು ಅಂಕೆ ಒತ್ತಿದರು.