ಇಬ್ಬನಿ ಕೆಡಹುವ ಹಗ್ಗ

ತೊಂಬತ್ತರ ದಶಕದಲ್ಲಿ ನಾನು ಯಲ್ಲಾಪುರದ ಅತಿಥಿಗೃಹವೊಂದರಲ್ಲಿ ಗುಮಾಸ್ತನಾಗಿದ್ದಾಗ ಅಲ್ಲೊಬ್ಬ ಮಾಲಿ ಇದ್ದ. ಚಳಿಗಾಲ ಬಂತೆಂದರೆ ಅವನಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಬೆಳಗಾದೊಡನೆ ಉದ್ದನೆಯ ಹಗ್ಗವೊಂದನ್ನು ಹುಲ್ಲುಹಾಸಿನ ಮೇಲೆ ಎಳೆಯುತ್ತಾ ಇಬ್ಬನಿ ಕೆಡಹುತ್ತಿದ್ದ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಜೇಡರ ಬಲೆಯಂಥ ಬೂಷ್ಟು ಎಲ್ಲಾದರೂ ಹಿಡಿದಿದೆಯೋ ಎಂದು ಹುಲ್ಲು ಬಿಡಿಸಿ ಬಿಡಿಸಿ ನೋಡುತ್ತಿದ್ದ.

"ಬೇಗ ಒಣಗ್ಬೇಕು ಹೆಗಡೇರೆ, ಬೇಗ ಒಣಗ್ಬೇಕು" ಎಂದು ನನಗೆ ಹೇಳುತ್ತಿದ್ದ.

ಒಮ್ಮೆ ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದ. ಗೇಟಿನವರೆಗೆ ಹೋದವನು ಎರಡು ಸಲ ತಿರುಗಿ ಬಂದು, "ಹುಲ್ಲು ನೋಡ್ಕಳಿ" ಎಂದ. ನಾನು ತೋಟದ ಮನೆಯವ. ಹಗ್ಗ ಎಳೆಯುವ ಬದಲು, ಅಡಿಕೆ ಮರದ ಬುಡಕ್ಕೆ ಹಾಸುವ ಹಾಗೆ ಹುಲ್ಲಿನ ಮೇಲೆಲ್ಲ ದರಕು ಹಾಸಿದೆ. ಆ ಒಣ ಎಲೆಗಳ ಕೆಳಗೆ ಇಬ್ಬನಿ ತಾಗಲಿಕ್ಕಿಲ್ಲವೆಂದುಕೊಂಡೆ.

ಬಂದವನೇ ಚೀಲವನ್ನೂ ಇಳಿಸದೆ ದರಕು ಸರಿಸಿದ. ಕೆಳಗೆ ಒದ್ದೆ ಆರದೆ, ತಟ್ಟೆಯಗಲ ಹುಲ್ಲು ಕೊಳೆತು ಬೂಷ್ಟು ಹಿಡಿದಿತ್ತು. ಬೈಯುತ್ತಾನೆಂದು ಕಾದೆ.

"ಚಳಿ ಆಗ್ತದೆ ಅಂತ ಹೊದೆಸಿದ್ರಾ?" ಎಂದ, ಅಷ್ಟೇ.

ನಾನಿದ್ದಷ್ಟು ವರ್ಷ ಅವನು ಮತ್ತೆ ಚಳಿಗಾಲದಲ್ಲಿ ರಜೆ ಕೇಳಲಿಲ್ಲ. ಕಿರಿಯ ತಂಗಿಯ ಮದುವೆಯ ದಿನವೂ ಹಗ್ಗ ಎಳೆದು ಮುಗಿಸಿಯೇ ಬಸ್ಸು ಹತ್ತಿದ.