ಟವೆಲ್ ಜಾಡಿಸಿ ಎದ್ದವರು

ಅಥವಾ ಮಾಬೂಬಿ ಅಕ್ಕ ಅವತ್ತು ಅಳುತ್ತಲೇ ಇರಲಿಲ್ಲವೇನೋ. ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಅದು ಉಳ್ಳಾಗಡ್ಡಿಯ ನೀರೋ, ಅವರದೇ ನೀರೋ ಎಂದು ಈಗ ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪು ಒಳ್ಳೆಯ ಸಾಕ್ಷಿಯಲ್ಲ. (ಕತೆ ಚೆಂದ ಆಗುತ್ತದೆ ಎಂದರೆ ಸಾಕು, ಅದು ಯಾವ ಸುಳ್ಳಿಗೂ ಸಹಿ ಹಾಕುತ್ತದೆ.)

ಅವರ ಮಾತು ಮಾತ್ರ ನೆನಪಿದೆ.

"ಬಾವಿ ಮುಚ್ತಾರಂತ್ರಿ. ನನ್ನ ಖಾನಾವಳಿನೂ ಮುಚ್ಚಿದಂಗ."

ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ಕಡೆ ಹೋಗುವ ಬಸ್ಸು ನಿಲ್ಲುವ ಊರುಗಳಲ್ಲಿ ಇದೂ ಒಂದು. ಹೆಸರು ಬೇಡ. ನಿಲ್ದಾಣದ ಪಕ್ಕದಲ್ಲೇ ಮಾಬೂಬಿ ಅಕ್ಕನ ಖಾನಾವಳಿ. ಕೆಲವು ಬೆಂಚು, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಬೆಣ್ಣೆಯಂತೆ ಬೆಂದ ತೊಗರಿ ಬೇಳೆ. ಆ ಬೇಳೆಗಾಗಿ ನಾನು ಬೇಕೆಂದೇ ಬಸ್ಸು ತಪ್ಪಿಸಿಕೊಂಡದ್ದುಂಟು.

ಊರಿನ ಬೋರುಗಳ ನೀರೆಲ್ಲ ಸವುಳು. ಅದರಲ್ಲಿ ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ. ಖಾನಾವಳಿಯ ಹಿಂದಿರುವ ಹಳೆಯ ಬಾವಿಯದು ಮಾತ್ರ ಸಿಹಿನೀರು. ಈಗ ಅದರ ಮೇಲೆ ಸ್ಲ್ಯಾಬ್ ಹಾಕಿ, ಬಸ್ಸಿಗೆ ಕಾಯುವವರಿಗೆ ಶೆಡ್ ಕಟ್ಟುತ್ತಾರಂತೆ. ತೆರೆದ ಬಾವಿ ಅಪಾಯ ಎಂಬುದು ಪಂಚಾಯಿತಿಯ ವಾದ. (ಅದೂ ಸುಳ್ಳಲ್ಲ. ಮಕ್ಕಳು ಓಡಾಡುವ ಜಾಗ.)

"ಗ್ರಾಮಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲವಾ?" ಎಂದೆ.

"ಎಲ್ಲಾರೂ ಬ್ಯಾಡ ಅಂದ್ರಲ್ರಿ!"

ಹಾಗಾದರೆ ತೀರ್ಮಾನ ಹೇಗಾಯಿತು? ಫೋನ್ ತೆಗೆದೆ. ಈಗ ಪಂಚಾಯಿತಿಯದು ಎಲ್ಲವೂ ಆನ್‌ಲೈನ್. ಸಭೆಯ ವಿಡಿಯೊ, ನಡಾವಳಿ, ಕಾಮಗಾರಿಯ ಫೋಟೊ, ಎಲ್ಲ ಇತ್ತು. ಬಾವಿಯ ವಿಷಯದ ಕೆಳಗೆ ಒಂದೇ ಸಾಲು: ಆಕ್ಷೇಪಣೆಗಳು ಇಲ್ಲ. ಅದರ ಕೆಳಗೆ ಇನ್ನೊಂದು: ಊರಿನವರು ಶನಿವಾರದವರೆಗೆ ಇಲ್ಲೇ ಆಕ್ಷೇಪಣೆ ಸಲ್ಲಿಸಬಹುದು.

ಇಬ್ಬರೂ ಕೂತು ವಿಡಿಯೊ ನೋಡಿದೆವು. ಪಿಡಿಒ ಮೇಡಂ ಮಂಡ್ಯ ಕಡೆಯವರು, ಹೊಸಬರು. ವಿಷಯವನ್ನು ನೀಟಾಗಿ ಓದಿ ಕೇಳಿದರು. "ಹಾಗಾದ್ರೆ ಯಾರದೂ ಆಕ್ಷೇಪಣೆ ಇಲ್ಲ ತಾನೆ?"

ಸಭೆ ಮೌನ. ಒಬ್ಬರು ಸೂರು ನೋಡಿದರು. ಇನ್ನೊಬ್ಬರು ಮೀಸೆ ತಿರುವಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಹೆಗಲ ಮೇಲಿನ ಟವೆಲ್ ಜಾಡಿಸಿ ಹೊರಟರು. ಮೇಡಂ ಥ್ಯಾಂಕ್ಸ್ ಹೇಳಿದರು.

"ನೋಡ್ರಿ, ನೋಡ್ರಿ!" ಮಾಬೂಬಿ ಅಕ್ಕ ಪರದೆಗೆ ಬೆರಳು ತಾಗಿಸಿದರು. "ಹೆಂಗ ಎಲ್ಲಾರೂ ಬ್ಯಾಡ ಅನ್ನಾಕತ್ತಾರ!"

ನಮ್ಮ ಕಡೆ ಮಾತು ಬಿರುಸು. ನಾವು ಕುಶಲ ಕೇಳಿದರೂ ಬೆಂಗಳೂರಿನವರಿಗೆ ಜಗಳದಂತೆ ಕೇಳಿಸುತ್ತದೆ. ಆದರೆ ಇಂಡಿಗೆ ಹೋಗಿ, ಸಿಂದಗಿಗೆ ಹೋಗಿ, ಮುದ್ದೇಬಿಹಾಳಕ್ಕೆ ಹೋಗಿ, ಯಾವುದಾದರೂ ಹಳ್ಳಿಯ ಸಭೆಯಲ್ಲಿ ಕೂತು ನೋಡಿ. ಕಟ್ಟೆಯ ಮೇಲೆ ಬಾಯ್ತುಂಬ ಬೈಯುವವನು ಸಭೆಯಲ್ಲಿ ಎದ್ದುನಿಂತು ‘ಬೇಡ’ ಎನ್ನುವುದಿಲ್ಲ. ಹಾಗೆಂದರೆ ಎದುರು ಕೂತ ಹಿರಿಯನ ಮರ್ಯಾದೆ ಹೋಯಿತು. ಅದಕ್ಕೇ ಸುಮ್ಮನಿರುತ್ತಾರೆ. ಟವೆಲ್ ಜಾಡಿಸಿ ಏಳುತ್ತಾರೆ. ಹಿರಿಯನಿಗೆ ತಿಳಿಯುತ್ತದೆ. ವಿಷಯ ಅಲ್ಲೇ ಸಾಯುತ್ತದೆ.

ಮೇಡಂಗೆ ಇದನ್ನು ಯಾರು ಹೇಳಬೇಕಿತ್ತು? ಕ್ಯಾಮೆರಾಕ್ಕೆ ಯಾರು ಹೇಳಬೇಕಿತ್ತು?

ಅಷ್ಟರಲ್ಲಿ ಕುಲಕರ್ಣಿ ಮಾಸ್ತರರು ಬಂದರು. ನಿವೃತ್ತರು. ದಿನಾ ಮುಂಜಾನೆ ಮಡಿಯಲ್ಲಿ ಬಂದು ಇದೇ ಬಾವಿಯಿಂದ ಪೂಜೆಗೆ ನೀರು ಸೇದುತ್ತಾರೆ.

"ಏನ್ರಿ ಮಾಸ್ತರ, ನಿಮ್ಮ ದೇವರಿಗೂ ಇನ್ನ ಬೋರಿನ ನೀರ ಗತಿ?" ಎಂದು ಅಕ್ಕ ಕೆಣಕಿದರು.

"ನನ್ನ ದೇವರು ಹೆಂಗೋ ಹೊಂದಿಕೊತಾನವಾ. ನಿನ್ನ ಬ್ಯಾಳಿ ಹೊಂದಿಕೊಳ್ಳಂಗಿಲ್ಲ."

ಆನ್‌ಲೈನ್‌ನಲ್ಲಿ ಆಕ್ಷೇಪಣೆ ಹಾಕಿ ಎಂದೆ. ಇಬ್ಬರೂ ಸುಮ್ಮನಾದರು. (ಅರ್ಥವಾಯಿತಲ್ಲ?)

"ಅಧ್ಯಕ್ಷ ಅಂದ್ರ ನಮ್ಮ ಬಸಣ್ಣರಿ," ಎಂದರು ಅಕ್ಕ. "ನನ್ನ ಮಗಳ ಮದುವ್ಯಾಗ ತಾನ ನಿಂತು ಊಟಕ್ಕ ಬಡಿಸ್ಯಾನ. ಅವನ ಮಕದ ಮ್ಯಾಲೆ ಹೆಂಗ ಬ್ಯಾಡ ಅನ್ಲಿ?"

"ಮುಖ ಎಲ್ಲಿದೆ? ಇದು ಫೋನು. ಹೆಸರು ತೋರಿಸಬೇಡಿ ಅಂತಲೂ ಒತ್ತಬಹುದು."

"ನನಗ ಗೊತ್ತಿರತೈತಲ್ರಿ."

 ಕಡೆಗೆ ಮಾಸ್ತರರು ತಮ್ಮ ಫೋನು ನನ್ನ ಕೈಗಿಟ್ಟರು. "ನಾ ಹೇಳ್ತೇನಿ, ನೀವು ಬರೀರಿ. ಆದ್ರ ಆಕ್ಷೇಪಣೆ ಅನ್ನೂ ಶಬ್ದ ಬ್ಯಾಡ. ವಿನಂತಿ ಅನ್ರಿ. ಹೆಸರು ಇರಲಿ, ವಿನಂತಿಗ್ಯಾಕ ಅಂಜಿಕಿ?"

ಬರೆಸಿದರು. ಮಾತೃಸಮಾನರಾದ ಅಭಿವೃದ್ಧಿ ಅಧಿಕಾರಿಗಳಿಗೂ, ಊರ ಹಿರಿಯಣ್ಣನಂತಿರುವ ಅಧ್ಯಕ್ಷರಿಗೂ ಅನಂತ ನಮಸ್ಕಾರಗಳು. ತಮ್ಮ ಕಾಲದಲ್ಲಿ ಬೀದಿದೀಪಗಳು ಬೆಳಗಿದವು. ಗಟಾರುಗಳು ಸ್ವಚ್ಛವಾದವು. ಊರು ತಮ್ಮನ್ನು ಎಂದೂ ಮರೆಯದು. ಹೀಗೇ ಸಾಗಿತು. ಕೊನೆಗೆ ಬಾವಿಯೂ ಬಂತು, ಸಿಹಿನೀರೂ ಬಂತು. ಕಳಿಸಿದೆ. ಸ್ವೀಕೃತವಾಗಿದೆ ಎಂದಿತು ಪರದೆ. ಅಕ್ಕ ಚಹಾ ತಂದರು.

ಚಹಾ ಕುಡಿಯುತ್ತ ಪುಟ ತೆರೆದು ನೋಡಿದರೆ, ನಮ್ಮ ವಿನಂತಿ ‘ಆದರೆ ಒಂದು ಸಣ್ಣ ಸಂಗತಿ’ ಎಂಬಲ್ಲಿಗೆ ನಿಂತಿತ್ತು! ಪೆಟ್ಟಿಗೆಗೆ ಅಕ್ಷರಗಳ ಮಿತಿಯಿತ್ತು. ಹೊಗಳಿಕೆಯೇ ಅದನ್ನು ತುಂಬಿತ್ತು. ಬಾವಿ ಹೊರಗುಳಿದಿತ್ತು. ಒಂದು ಫೋನ್ ನಂಬರಿಗೆ ಒಂದೇ ಅವಕಾಶ.

"ಸುರುವಿಗೆ ನಮಸ್ಕಾರ ಬ್ಯಾಡೇನ್ರಿ?" ಎಂದರು ಮಾಸ್ತರರು, ತಪ್ಪು ಪೆಟ್ಟಿಗೆಯದೇ ಎಂಬ ಧಾಟಿಯಲ್ಲಿ.

ಮಾಬೂಬಿ ಅಕ್ಕ ನಗಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದರು. ಸಿಗುವಷ್ಟು ದಿನ ಸೇದಿಕೊಳ್ಳೋಣ ಎನ್ನುವಂತೆ. (ಇದನ್ನೂ ನಾನೇ ಸೇರಿಸಿರಬಹುದು. ಕೊಡ ಇತ್ತು, ಅದು ಖಚಿತ.)

ಶನಿವಾರ ಕಳೆಯಿತು. ನಾನು ಬಾಗೇವಾಡಿಯಲ್ಲಿ ಕೂತು, ಕ್ರಿಕೆಟ್ ಸ್ಕೋರ್ ನೋಡುವವರಂತೆ, ಒಂದು ಹಳ್ಳಿಯ ಪಂಚಾಯಿತಿಯ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದೆ. ಒಂದು ದಿನ ಅದು ಬದಲಾಗಿತ್ತು. ಆಕ್ಷೇಪಣೆಗಳು: ಎರಡು. ಸ್ಥಳ ಪರಿಶೀಲನೆ ಆಗಿದೆ. ಬಾವಿ ಮುಚ್ಚುವುದಿಲ್ಲ. ಕಬ್ಬಿಣದ ಜಾಲರಿ ಹಾಕಿ, ನೀರು ಸೇದಲು ಬಾಗಿಲು ಇಡುವುದು. ಶೆಡ್ ರಸ್ತೆಯ ಆಚೆ ಬದಿಗೆ.

ಮನಸ್ಸು ಎಷ್ಟು ಹಗುರಾಯಿತೆಂದರೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ "ಶಾಬಾಸ್!" ಎಂದು ಕೂಗಿದೆ.

ಎರಡರಲ್ಲಿ ಒಂದು ಮಾಸ್ತರರ ನಮಸ್ಕಾರ. ಇನ್ನೊಂದಕ್ಕೆ ಹೆಸರಿರಲಿಲ್ಲ. ಒಂದೇ ಪದವಿತ್ತು: ಬ್ಯಾಡ.

ಅವತ್ತೇ ಬಸ್ಸು ಹತ್ತಿದೆ. ಅಕ್ಕ ರೊಟ್ಟಿ ಬಡಿಯುತ್ತ ಕತೆ ಹೇಳಿದರು. ಮೇಡಂ, ಬಸಣ್ಣ ಇಬ್ಬರೂ ಬಾವಿಯ ಹತ್ತಿರ ಬಂದರಂತೆ. ಊರೂ ಸೇರಿತಂತೆ. ಮುಚ್ಚೋದಾ ಎಂದು ಮೇಡಂ ಕೇಳಿದರೆ ಮತ್ತೆ ಅದೇ ಮೌನ.

"ಆಮ್ಯಾಲೆ ಬಸಣ್ಣನೇ ತನ್ನ ಟವೆಲ್ ಜಾಡಿಸಿದ ನೋಡ್ರಿ! ಮಾಸ್ತರು ಮೇಡಮ್ಮಗ ಅಂದ್ರು, ‘ಬಾಯೀರ, ಅಧ್ಯಕ್ಷರೂ ಬ್ಯಾಡ ಅಂದ್ರು, ಬರಕೋರಿ’ ಅಂತ. ಆಕಿ ನಕ್ಕೋತ ಬರಕೊಂಡ್ಲು."

ನಡೆದದ್ದು ಹೀಗೆಯೇ? ನಾನು ನೋಡಿಲ್ಲ. ಈ ಸಲ ವಿಡಿಯೊ ಇಲ್ಲ. ಇಷ್ಟು ಸರಿಯಾಗಿ ಕೂಡಿಬಂದ ಕತೆಯನ್ನು ನಂಬಲು ನನಗೆ ಕಷ್ಟ. ಆದರೆ ಬಾವಿ ತೆರೆದಿದೆ, ಬೇಳೆ ಬೆಂದಿದೆ.

ಪಾರದರ್ಶಕತೆ ಎಂದರೆ ಗಾಜು ಎಂದುಕೊಂಡಿದ್ದೇವೆ. ಗಾಜು ಟವೆಲನ್ನು ತೋರಿಸುತ್ತದೆ, ಅದರ ಅರ್ಥ ಹೇಳುವುದಿಲ್ಲ. ಅರ್ಥ ಹೇಳಲು ಯಾರಾದರೂ ಬಾಯಿ ಬಿಡಬೇಕು, ಇಲ್ಲವೇ ಬೆರಳು ಒತ್ತಬೇಕು. ಈ ಊರಿನಲ್ಲಿ ಒಬ್ಬರು ಒತ್ತಿದ್ದಾರೆ. ಎಷ್ಟು ಕಷ್ಟಪಟ್ಟು ಒತ್ತಿರಬೇಡ!

"ಆ ‘ಬ್ಯಾಡ’ ಬರೆದದ್ದು ನೀವೇನಾ ಅಕ್ಕ?" ಎಂದೆ.

"ರೊಟ್ಟಿ ಆರ್ತಾವ, ಉಣ್ರಿ ಮೊದ್ಲ."

ಅಕ್ಕ ಇರಬಹುದು. ಮೇಡಂ ಮುಖದ ಮೇಲೆ ಬೇಡ ಎನ್ನಲಾಗದೆ ಬಸಣ್ಣನೇ ಬರೆದಿರಬಹುದು. ಸೂರು ನೋಡಿದವರೋ, ಮೀಸೆ ತಿರುವಿದವರೋ ಇರಬಹುದು. ಯಾರೆಂದು ನನಗೆ ಗೊತ್ತಿಲ್ಲ.