ತಗಡಿನ ಶೆಡ್ಡಿನಲ್ಲಿ ಕೂತ ಮಾಲೀಕ

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ತೆಲಂಗಾಣದ ಗಡಿಯ ನಾರಾಯಣಖೇಡ್‌ನಲ್ಲಿ ಮಂಡಲ ಶಿಕ್ಷಣಾಧಿಕಾರಿಯಾಗಿದ್ದೆ. ಖಾಸಗಿ ಶಾಲೆಗಳ ತಪಾಸಣೆಯೂ ನನ್ನದೇ ಕೆಲಸ.

ಬೇಸಿಗೆ ಶುರುವಾಗಿದ್ದ ದಿನಗಳು. ಸಿರ್ಗಾಪುರದ ಶಾಂತಮ್ಮ ಎಂಬ ಕುರಿಗಾಹಿ ಹೆಂಗಸು ಮಗಳು ಕಾವೇರಿಯ ಜೊತೆ ಕಚೇರಿಗೆ ಬಂದಳು. ಹುಡುಗಿ ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಳು. ಹಿಂದಿನ ದಿನ ತರಗತಿಯಲ್ಲೇ ತಲೆ ತಿರುಗಿ ಬಿದ್ದಿದ್ದಳಂತೆ.

“ನೌಕರಿಯವ್ರ ಮಕ್ಕಳು ಬಿಲ್ಡಿಂಗ್‌ನಾಗ ಕೂಡ್ತಾರ್ರಿ, ನಮ್ಮವು ತಗಡಿನ ಶೆಡ್ಡಿನಾಗ. ಕೂಲರ್ ನೀರು ಕುಡ್ಯಾಕ ಹೋದ್ರ, ಇದು ನಿಮಗಲ್ಲ ಅಂತ ಸಾಲಿ ಮಾಲೀಕ ಹೊರಗ ದಬ್ಬ್ಯಾನ್ರಿ,” ಎಂದಳು ಶಾಂತಮ್ಮ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. “ಅಂವನ್ನ ಆ ತಗಡಿನ ಕೆಳಗ ಕೂಡಸ್ರಿ ಮೇಡಂ. ನಾ ನೋಡ್ಬೇಕು.”

ಅಂದೇ ಅವಳನ್ನೂ ಕರೆದುಕೊಂಡು ಶಾಲೆಗೆ ಹೋದೆ. ಅವಳು ಹೇಳಿದ್ದೆಲ್ಲ ನಿಜ. ಫೀಸು ಮಾತ್ರ ಎರಡೂ ಕಡೆ ಒಂದೇ. ಮಾಲೀಕರು ನಗುತ್ತಲೇ ಹೇಳಿದರು: “ಏನ್ ಮಾಡ್ಲಿ ಮೇಡಂ, ಕುರಿ ವಾಸನಿ ಬರೋ ಮಕ್ಕಳ ಬಾಜೂಕ ನಮ್ಮವ್ರನ್ನ ಕೂಡಸಬ್ಯಾಡ್ರಿ ಅಂತಾರ ಸಂಬಳದವ್ರು.”

ನನಗೆ ಮೈಯೆಲ್ಲ ಉರಿಯಿತು. ಶೆಡ್ಡಿನ ಮಕ್ಕಳನ್ನು ಕೂಡಲೇ ಕಟ್ಟಡಕ್ಕೆ ಕಳಿಸಿದೆ. ಖಾಲಿಯಾದ ಬೆಂಚಿನ ಮೇಲೆ ಮಾಲೀಕರನ್ನು ಕೂರಿಸಿ, ನಿಮ್ಮ ವಿವರಣೆಯನ್ನು ಇಲ್ಲೇ ಬರೆದುಕೊಡಿ ಎಂದೆ. ಕಾದ ತಗಡಿನ ಕೆಳಗೆ ಅರ್ಧ ಪುಟ ತುಂಬುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನೀರು ತರಲು ಅಟೆಂಡರನ್ನು ಕೂಗಿದರು.

ಬಾಗಿಲಲ್ಲಿ ನಿಂತಿದ್ದ ಶಾಂತಮ್ಮ ಕದಲಲಿಲ್ಲ. “ಕೂಲರ್ ನೀರು ಇಲ್ಲಿ ಕೂಡೋರಿಗಿ ಅಲ್ರಿ ಸಾಹೇಬ್ರ,” ಎಂದಳು.

ಅವರು ನನ್ನ ಮುಖ ನೋಡಿದರು. ಬರೆದು ಮುಗಿಸಿ ಎಂದೆ. ನೀರು ಸಿಕ್ಕಿದ್ದು ಸಹಿ ಹಾಕಿದ ಮೇಲೆಯೇ. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮಕ್ಕಳನ್ನು ಬೆರೆಸಿ ಕೂರಿಸುವವರೆಗೆ ಶಾಲೆಯ ಮಾನ್ಯತೆ ನವೀಕರಿಸಬಾರದೆಂದು ವರದಿ ಕೊಟ್ಟೆ. ಜೂನ್‌ನಲ್ಲಿ ಮಾಲೀಕರು ಶೆಡ್ಡು ಕೆಡವಿಸಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿದರು. ಕೆಲವು ಸಂಬಳದಾರರು ಮಕ್ಕಳನ್ನು ಜಹೀರಾಬಾದ್‌ನ ಶಾಲೆಗಳಿಗೆ ಸೇರಿಸಿದರು.

ಕಾವೇರಿಗೆ ಒಳ್ಳೆಯ ಸರ್ಕಾರಿ ವಸತಿ ಶಾಲೆಯಲ್ಲಿ ಸೀಟು ಕೊಡಿಸುತ್ತೇನೆ, ಅಲ್ಲಿ ಯಾರ ಹಂಗೂ ಇಲ್ಲ ಎಂದೆ. ಶಾಂತಮ್ಮ ಒಪ್ಪಲಿಲ್ಲ.

“ಇಲ್ಲೇ ಓದ್ತಾಳ್ರಿ, ಮುಂದಿನ ಬೆಂಚಿನ್ಯಾಗ. ಹತ್ತನೇತ್ತ ಮುಗಿಯೋತನಕ ದಿನಾ ಅಂವ ನನ್ನ ಮಗಳ ಮಾರಿ ನೋಡ್ಲಿ.”

ಶಿಕ್ಷೆ ಕೊಡುವ ಅಧಿಕಾರ ನನ್ನ ಕೈಯಲ್ಲಿದೆ ಎಂದುಕೊಂಡಿದ್ದೆ. ನಾನು ಕೊಟ್ಟದ್ದು ಅರ್ಧ ತಾಸಿನದು, ಅವಳು ಕೊಟ್ಟದ್ದು ಐದು ವರ್ಷದ್ದು.